ಕೌದಿಯ ಮೇಲೆ ಹೊಲಿದ ರೈಲು ಹಳಿ

ಸುರೇಬಾನದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಕೆಂಚವ್ವ ಹೂಲಿಕಟ್ಟಿ ಅಂಗಳ ಸಾರಿಸುತ್ತಿದ್ದಾರೆ. ಬಕೆಟ್ಟಿನಲ್ಲಿ ಸೆಗಣಿ ನೀರು, ಮೊಣಕೈತನಕ ಹಸಿ. ಒಂದು ಮೂಲೆಯನ್ನೂ ಬಿಡದೆ ಸಾರಿಸಿ, ಸೊಂಟ ಹಿಡಿದು ನಿಂತು ನೋಡುತ್ತಾರೆ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಇವತ್ತು ಈ ಅಂಗಳದಲ್ಲಿ ರೈಲು ಓಡಬೇಕಿದೆ.

ಆಮೇಲೆ ಒಳಗಿನಿಂದ ನಾಲ್ಕು ಕೌದಿಗಳನ್ನು ಒಂದೊಂದಾಗಿ ಹೊತ್ತು ತರುತ್ತಾರೆ. ಹರಿದ ಸೀರೆ, ಧೋತರಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಕೌದಿ ನಮ್ಮ ಕಡೆ ಯಾರ ಮನೆಯಲ್ಲಿಲ್ಲ? ಆದರೆ ಈ ಕೌದಿಗಳ ಮಡಿಕೆ ಬಿಚ್ಚಿದಾಗ ಒಳಗಿನಿಂದ ಗುಡ್ಡ ಏಳುತ್ತದೆ. ಹೊಳೆ ಕಾಣುತ್ತದೆ. ಉದ್ದಕ್ಕೂ, ಅಂಚಿನಿಂದ ಅಂಚಿಗೆ, ಹೊಳೆಯುವ ಎರಡು ಉಕ್ಕಿನ ಗೆರೆಗಳು.

ಮೊದಲ ಕೌದಿ ರಾಮದುರ್ಗ. ಅದರ ಕಲ್ಲುಗುಡ್ಡಗಳು ಬಣ್ಣ ಹೋದ ಇಳಕಲ್ ಸೀರೆಯವು. ಎರಡನೆಯದು ಸವದತ್ತಿ, ಅರಿಸಿನ ಬಣ್ಣದ ಗುಡ್ಡ, ಬುಡದಲ್ಲಿ ನೀಲಿ ವಾಯಿಲ್ ಸೀರೆಯ ಮಲಪ್ರಭೆ. ಮೂರನೆಯದು ಬೈಲಹೊಂಗಲ. ಹಳೆಯ ಛತ್ರಿಯ ಕರಿ ಬಟ್ಟೆಯೇ ಎರೆಹೊಲ, ಅದರ ಮೇಲೆ ಬಿಳಿ ನೂಲಿನ ಗಂಟುಗಳೇ ಅರಳಿದ ಹತ್ತಿ. ಕೊನೆಯದು ಕಿತ್ತೂರು. ಕೋಟೆಯ ಮುರಿದ ಗೋಡೆಗೆ ಗೋಣಿತಟ್ಟು. ಆಚೆ ಮೂಲೆಯಲ್ಲಿ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆ, ಅದರ ಚಿಮಣಿ ಊದುಬತ್ತಿಯ ಕೊಳವೆ. ಕೌದಿಗಳ ಅಂಚಿಗೆ ಬ್ಲೌಸಿನ ಹುಕ್ಕುಗಳಿವೆ. ಹುಕ್ಕು ಸೇರಿಸಿದರೆ ಒಂದೂರಿನ ಹಳಿ ಇನ್ನೊಂದೂರಿನ ಹಳಿಗೆ ಕೂಡುತ್ತದೆ.

ಈ ನಾಲ್ಕು ಊರುಗಳಲ್ಲಿ ಯಾವುದಕ್ಕೂ ರೈಲಿಲ್ಲ.

ಪತ್ರಿಕೆಗೆ ಬರೆಯಲೆಂದು ಬಂದಿರುವ ನಾನು ಬಗ್ಗಿ ನೋಡುತ್ತೇನೆ. ಹಳಿಗಳು ಛತ್ರಿಯ ಕಡ್ಡಿಗಳು. ಅವುಗಳ ಕೆಳಗೆ ಅಡ್ಡ ಇಟ್ಟದ್ದು ಐಸ್‌ಕ್ಯಾಂಡಿಯ ಕಡ್ಡಿಗಳು. ಒಂದೊಂದು ಕಡ್ಡಿಗೂ ಎರಡು ಕಡೆ ಹೊಲಿಗೆ. ಇಷ್ಟುದ್ದದ ಹಾದಿಯಲ್ಲಿ ಎಲ್ಲೂ ಒಂದು ಹನಿ ಅಂಟಿಲ್ಲ. ಯಾಕೆ ಎಂದು ಕೇಳಿದರೆ ಕೆಂಚವ್ವನಿಗೆ ನಗು.

“ಅಂಟ ನನಗೇನ ಗೊತ್ರೀ? ನನಗ ಬರೂದು ಹೊಲಿಗಿ. ಹೊಲದ್ದ ತಪ್ಪಿದ್ರ ಬಿಚ್ಚಾಕ ಬರತೈತಿ. ಅಂಟಿಸಿದ್ದ ತಪ್ಪಿದ್ರ ಹರೀಬೇಕಾಗತೈತಿ.”

ನಾಲ್ಕೂ ಕೌದಿಗಳನ್ನು ಒಟ್ಟಿಗೆ ಹಾಸಲು ಮನೆಯೊಳಗೆ ಜಾಗವಿಲ್ಲ, ಅಂಗಳವೇ ಬೇಕು. ಕಷ್ಟ ಇರುವುದು ಅಲ್ಲೇ. ಕೆಂಚವ್ವನ ಗಂಡ ದುರ್ಗಪ್ಪ ಅಂಗಳಕ್ಕೆ ಬರುವುದಿಲ್ಲ. ಕಣ್ಣು ಹೋದಂದಿನಿಂದ, ಹಿತ್ತಿಲೊಂದನ್ನು ಬಿಟ್ಟರೆ, ಅವರು ಮನೆಯಿಂದ ಹೊರಗೆ ಕಾಲಿಟ್ಟಿಲ್ಲ. ಎಡವುತ್ತ ನಡೆಯುವುದನ್ನು ಓಣಿಯ ಜನ ನೋಡುವುದು ಅವರಿಗೆ ಬೇಡ.

“ಗಾಡಿ ಓಡೂದ ದೊಡ್ಡದಲ್ರಿ. ಅದು ಓಡೂದ ಕೇಳಾಕ ಇವ್ರು ಹೊಚ್ಚಲಾ ದಾಟಿ ಇಲ್ಲಿ ಬಂದ ಕುಂಡ್ರಬೇಕು. ನನಗ ಬೇಕಾಗಿದ್ದ ಅಷ್ಟ,” ಎನ್ನುತ್ತಾರೆ ಕೆಂಚವ್ವ, ದನಿ ತಗ್ಗಿಸದೆಯೇ.

ಒಳಗಿನಿಂದ ದುರ್ಗಪ್ಪ ಕೂಗುತ್ತಾರೆ: “ನಾ ಬರಂಗಿಲ್ಲ. ನನಗ ಇಲ್ಲಿಂದನ ಕೇಳತೈತಿ.”

“ಕೇಳತೈತಿ ಕೇಳತೈತಿ. ನಾ ಬೈದದ್ದ ಮಾತ್ರ ಕೇಳಂಗಿಲ್ಲ,” ಎಂದು ಕೆಂಚವ್ವ ಹುಕ್ಕು ಹಾಕುತ್ತ ಕೂರುತ್ತಾರೆ.

ದುರ್ಗಪ್ಪ ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದವರು. ದೂರದ ಒಂದು ಸಣ್ಣ ನಿಲ್ದಾಣ, ಅದರ ಆಚೀಚಿನ ಹಳಿ ಅವರ ಪಾಲು. ಹೆಗಲ ಮೇಲೆ ಸುತ್ತಿಗೆ ಹೊತ್ತು ದಿನಾ ಅಷ್ಟೂ ಹಾದಿ ನಡೆಯುವುದು, ಹಳಿ ಹಿಡಿದಿಡುವ ಕಬ್ಬಿಣದ ಚಾವಿಗಳಲ್ಲಿ ಸಡಿಲಾದದ್ದನ್ನು ಬಡಿದು ಕೂರಿಸುವುದು. ಅವರು ನಡೆದು ಮುಗಿಸಿದ ಹಾದಿಯ ಮೇಲೆ, ಗಾಡಿಯೊಳಗೆ ಮಲಗಿದ ಸಾವಿರಾರು ಜನ ಎಚ್ಚರವಿಲ್ಲದೆ ಹಾದುಹೋಗುತ್ತಿದ್ದರು. ಕಣ್ಣಿನ ಒತ್ತಡದ ಕಾಯಿಲೆ ಸದ್ದಿಲ್ಲದೆ ಬಂತು. ಗ್ಲಾಕೋಮಾ. ಮೊದಲು ಮಗ್ಗುಲ ನೋಟ ಹೋಯಿತು. ಯಾರಿಗೂ ಗೊತ್ತಾಗಲಿಲ್ಲ. ಪಾದಗಳಿಗೆ ಹಾದಿ ಬಾಯಿಪಾಠವಾಗಿತ್ತು.

“ಒಂದಿನ ಜೊತೀಗಿದ್ದಾಂವ ಕೆಂಪ ಬಾವುಟ ಹಿಡದ ನಿಂತಿದ್ದ. ನನಗ ಕಾಣಲಿಲ್ಲ. ಬಾವುಟನೂ ಕಾಣಲಿಲ್ಲ, ಅಂವಾನೂ ಕಾಣಲಿಲ್ಲ,” ಎನ್ನುತ್ತಾರೆ ದುರ್ಗಪ್ಪ. “ಅವತ್ತ ಸಾಹೇಬ್ರ ಮುಂದ ಹೋಗಿ ನಿಂತೆ. ಸಾಹೇಬ್ರ, ಗಾಡ್ಯಾಗ ಮಂದಿ ಇರತಾರ, ನನ್ನ ಕಡೆ ಲೈನ ಬಿಡಬ್ಯಾಡ್ರಿ ಅಂದೆ.”

ಯಾರೂ ಕೇಳಿರದ ತಪ್ಪನ್ನು ತಾವಾಗಿ ಹೋಗಿ ಒಪ್ಪಿಸಿ, ಊರಿಗೆ ಬಂದು, ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಕೆಂಚವ್ವ ಆ ದಿನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. “ಉಣ್ಣರಿ ಅಂದ್ರ ಉಣತಿದ್ರು. ಏನೂ ಅನ್ನಲಿಲ್ಲಂದ್ರ ಹಂಗ ಇರತಿದ್ರು. ಮನ್ಯಾಗ ಇದ್ರು ನೋಡ್ರಿ, ಆದ್ರ ಇರಲಿಲ್ಲ.”

ಕೆಂಚವ್ವ ಆಗಲೂ ಈಗಲೂ ಕೌದಿ ಹೊಲಿಯುವವರು. ಮೊದಲ ಬಸ್ಸಿಗೆ ಹೊರಡುತ್ತಾರೆ. ರಾಮದುರ್ಗ, ಸವದತ್ತಿ, ಒಮ್ಮೊಮ್ಮೆ ಬೈಲಹೊಂಗಲ, ಕಿತ್ತೂರು. ಕರೆದ ಮನೆಯ ಪಡಸಾಲೆಯಲ್ಲಿ ಆ ಮನೆಯದೇ ಹರಕು ಬಟ್ಟೆ ಹರವಿಕೊಂಡು ಸಂಜೆತನಕ ಹೊಲಿಗೆ. ಅವರದೊಂದು ಪದ್ಧತಿ ಇದೆ. ಕೌದಿಯ ಕಡೆಯ ಮೂಲೆಯನ್ನು ತಾವು ಮುಚ್ಚುವುದಿಲ್ಲ. ಮನೆಯಾಕೆ ಅದರೊಳಗೆ ನಾಲ್ಕು ಕಾಳು ಜೋಳ ಹಾಕಿ, ತನ್ನ ಕೈಯಿಂದಲೇ ಹೊಲಿಗೆ ಹಾಕಬೇಕು. ಉಳಿದ ಬಟ್ಟೆಯ ಚೂರುಗಳು ಹೊಲಿದವರ ಪಾಲು.

ರಾಮದುರ್ಗದ ಒಂದು ಮನೆಯಲ್ಲಿ ಆ ಚೂರುಗಳ ಜೊತೆ ಮುರಿದ ಆಟಿಕೆಯ ರೈಲು ಎಂಜಿನ್ ಕಸದ ಬುಟ್ಟಿಯಲ್ಲಿತ್ತು. ಕೇಳಿ ತಂದರು. ಮಲಗಿದ್ದ ಗಂಡನ ಕೈಯಲ್ಲಿಟ್ಟರು. ದುರ್ಗಪ್ಪ ಅದನ್ನು ಬಹಳ ಹೊತ್ತು ಸವರಿದರು. ಆಮೇಲೆ ಕೇಳಿದರು: “ಇದರ ಹಳಿ ಎಲ್ಲೈತಿ?”

“ಎಷ್ಟ ದಿನದ ಮ್ಯಾಲ ಅವ್ರ ಬಾಯಾಗಿಂದ ಒಂದ ಮಾತ ಬಂತು,” ಎನ್ನುತ್ತಾರೆ ಕೆಂಚವ್ವ. “ಹಳಿ ಎಲ್ಲೈತಿ ಅಂದ್ರು. ನಾ ಎಲ್ಲಿಂದ ತರಲಿ? ಕೈಯಾಗ ಸೂಜಿ ಇತ್ತು. ಹೊಲದೆ.”

ಅಂದಿನಿಂದ ಅವರು ಬೇರೆಯವರ ಮನೆಯಲ್ಲಿ ಬಿಸಾಡುವ ವಸ್ತುಗಳನ್ನು ನೋಡುವ ಕಣ್ಣೇ ಬದಲಾಯಿತು. ಈ ಸಾಮ್ರಾಜ್ಯದಲ್ಲಿ ಹೊಸದಾಗಿ ಕೊಂಡದ್ದು ಸೂಜಿ ದಾರ ಮಾತ್ರ. ಬೋಗಿಗಳು ಸೋಪಿನ ಪೆಟ್ಟಿಗೆ, ಅವುಗಳ ಕಿಟಕಿ ಮಾತ್ರೆ ಹಾಳೆಯ ಖಾಲಿ ಗುಳಿಗಳು. ಬೇಲಿ ಹಲ್ಲುಜ್ಜುವ ಬ್ರಷ್ಷಿನ ಎಳೆ. ನೀರಿನ ಟಾಕಿ ತೆಂಗಿನ ಚಿಪ್ಪು. ಎರಡನೆಯ ಎಂಜಿನ್ನೂ ಸೋಪಿನ ಪೆಟ್ಟಿಗೆಯದೇ. ಎರಡರೊಳಗೂ ಆಟಿಕೆ ಕಾರಿನ ಮೋಟರು, ಒಡೆದ ಮೊಬೈಲಿನ ಬ್ಯಾಟರಿ. ಸಿಗ್ನಲ್ಲಿನ ದೀಪಗಳು ಒಡೆದ ಬಳೆಯ ಚೂರುಗಳು, ಕೆಂಪು ಒಂದು ಕಡೆ, ಹಸಿರು ಒಂದು ಕಡೆ. ಹಸಿರು ಚೂರುಗಳು ಯಾರ ಮನೆಯವೆಂದು ನಾನು ಕೇಳಲಿಲ್ಲ. ಗೂಡ್ಸ್ ಗಾಡಿಯ ಟ್ಯಾಂಕರುಗಳನ್ನು ಮಾತ್ರ ಕೈಗೆತ್ತಿಕೊಂಡು ನೋಡಿದೆ. ದುರ್ಗಪ್ಪನ ಕಣ್ಣಿಗೆ ಹಾಕಿ ಖಾಲಿಯಾದ ಔಷಧದ ಪುಟ್ಟ ಬಾಟಲಿಗಳು. ಒಂದರ ಹಿಂದೊಂದು, ಸಾಲಾಗಿ.

ಬಸ್ಸಿನ ಕಂಡಕ್ಟರುಗಳಿಗೆ ಅವರ ಗಂಟು ಪರಿಚಿತ. “ಬೇ ಕೆಂಚವ್ವಾ, ಬಸ್ಸಿನ್ಯಾಗ ರೈಲ ಒಯ್ಯಾಕ ಪರವಾನಗಿ ಐತೇನ?” ಎಂದು ಕೇಳುತ್ತಾರಂತೆ. “ರೈಲ ಬರೂತನಾ ನಿನ್ನ ಬಸ್ಸಿನ್ಯಾಗ ಬರತೇನಿ, ಬಂದ ಮ್ಯಾಲ ನೀನ ನನ್ನ ಗಾಡ್ಯಾಗ ಬಾರಪಾ,” ಎಂದು ಇವರ ಉತ್ತರ.

ಬೈಲಹೊಂಗಲದಲ್ಲಿ ಮಾಂತೇಶನ ಗುಜರಿ ಅಂಗಡಿ ಇದೆ. ಮುರಿದ ಛತ್ರಿ ಬಂದರೆ ಅವನು ಬೇರೆ ಎತ್ತಿಡುತ್ತಾನೆ. ಮೋಟರಿಗೆ ತಂತಿ ಜೋಡಿಸುವುದನ್ನು ಕಲಿಸಿಕೊಟ್ಟವನೂ ಅವನೇ. “ಮೊದಲ ನಾ ಚಾಷ್ಟಿ ಮಾಡತಿದ್ದೆ ಅಕ್ಕೋರ,” ಎಂದು ಅವನು ನನ್ನೆದುರು ಒಪ್ಪಿಕೊಂಡ. “ಒಂದಿನ ಈಕಿ ಅಂಗಡ್ಯಾಗ ಕೌದಿ ಬಿಚ್ಚಿ ತೋರಿಸಿದ್ಲು. ನನ್ನ ಗುಜರಿ ಎಲ್ಲಾ ಅದರಾಗ ಊರಾಗಿ ಕುಂತಿತ್ತು. ಬಾಯಿ ಮುಚ್ಚಿದೆ.”

ಆದರೆ ಈ ರೈಲಿನಲ್ಲಿ ಒಂದು ದೊಡ್ಡ ತಪ್ಪಿತ್ತು. ಹೊಲಿಗೆಯವರು ಮಾತ್ರ ಮಾಡಬಹುದಾದ ತಪ್ಪು.

ಗಾಲಿಗಳಿಗೆ ಕೆಂಚವ್ವ ಹೊಲಿಗೆ ಯಂತ್ರದ ಬಾಬಿನ್‌ಗಳನ್ನು ಬಳಸಿದ್ದರು. ದರ್ಜಿಗಳು ತುಕ್ಕು ಹಿಡಿಯಿತೆಂದು ಬಿಸಾಡುವ, ದಾರ ಸುತ್ತುವ ಪುಟ್ಟ ಉಕ್ಕಿನ ಉರುಳೆಗಳು. ಬಾಬಿನ್ನಿಗೆ ಎರಡೂ ಕಡೆ ಎತ್ತರದ ಅಂಚು. ಹಳಿ ಅವೆರಡರ ನಡುವೆ ಕೂತುಬಿಟ್ಟರೆ ಗಾಲಿ ಜಾರುವ ಮಾತೇ ಇಲ್ಲ. ಹಳಿಗಳ ನಡುವಿನ ಅಂತರ ಸ್ವಲ್ಪ ಹೆಚ್ಚಾದರೂ, ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ. ಕೆಂಚವ್ವನಿಗೆ ಅದು ಬಹಳ ಜಾಣತನ ಎನಿಸಿತ್ತು. ಗಂಡನ ಕೈಗೆ ಕೊಟ್ಟರು. ಅವರು ಗಾಲಿ ಮುಟ್ಟಿ ಎದ್ದು ಕೂತರು.

“ಯಾವ ದಡ್ಡ ಮಾಡ್ಯಾನ ಇದನ್ನ? ರೈಲಿನ ಗಾಲಿಗೆ ಒಳಗಿನ ಕಡೆ ಅಷ್ಟ ಅಂಚ ಇರತೈತಿ!”

“ದಡ್ಡ ಅಲ್ಲ, ದಡ್ಡಿ. ನಿಮ್ಮ ಮುಂದನ ಕುಂತಾಳ.”

“ಸ್ಟೇಶನ್ನಿನ್ಯಾಗ ಲೈನ ಕವಲ ಒಡಿಯೂ ಕಡೆ ಇನ್ನೊಂದ ಹಳಿ ಅಡ್ಡ ಬರತೈತಿ. ನಿನ್ನ ಹೊರಗಿನ ಅಂಚ ಅದಕ್ಕ ಬಡದ ಗಾಡಿ ಮಗ್ಗಲಾಗತೈತಿ. ಕ್ರಾಸಿಂಗ್ ಹೆಂಗ ಮಾಡ್ತಿ?”

ಸಿಟ್ಟಿನಿಂದ ಮುಖ ಕೆಂಪಾಗಿತ್ತಂತೆ. “ಬೈದ್ರು ನೋಡ್ರಿ,” ಎಂದು ಕೆಂಚವ್ವ ಕಣ್ಣರಳಿಸುತ್ತಾರೆ. “ಬಾಯಿ ತುಂಬ ಬೈದ್ರು. ಅವತ್ತ ನನಗ ಹೋಳಿಗಿ ಉಂಡಷ್ಟ ಖುಷಿ ಆತು.”

ಹೊರ ಅಂಚುಗಳನ್ನು ಹೊಸ್ತಿಲ ಕಲ್ಲಿಗೆ ತಿಕ್ಕಿ ಸವೆಸಿದರು. ಕಲ್ಲಿನಲ್ಲಿ ಅದರ ಗೀರುಗಳು ಇನ್ನೂ ಇವೆ. ನಿಜವಾದ ಕೆಲಸ ಶುರುವಾದದ್ದು ಆಮೇಲೆ. ಒಂದೇ ಅಂಚಿನ ಗಾಲಿ ಓಡಬೇಕಾದರೆ ಎರಡು ಹಳಿಗಳ ನಡುವಿನ ಅಂತರ ಎಲ್ಲೂ ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಆಗಬಾರದು. ಎರಡಂಚಿನ ಬಾಬಿನ್ ಮುಚ್ಚಿಟ್ಟಿದ್ದ ಎಲ್ಲ ಸೊಟ್ಟ ಹೊಲಿಗೆಗಳೂ ಹೊರಬಿದ್ದವು. ಕೆಂಚವ್ವ ನಾಲ್ಕೂ ಊರಿನ ಹಳಿಯನ್ನು ಬಿಚ್ಚಿದರು. ಬಿಚ್ಚಿ ಮೊದಲಿನಿಂದ ಹೊಲಿದರು.

ಅಳತೆಗೆ ದುರ್ಗಪ್ಪ ಒಂದು ಹಳೆಯ ಬಾಚಣಿಗೆ ಕೇಳಿದರು. ಎರಡೇ ಹಲ್ಲು ಉಳಿಸಿ ಮಿಕ್ಕವನ್ನು ಮುರಿದರು. ಆ ಎರಡು ಹಲ್ಲು ಎರಡು ಹಳಿಗಳ ಒಳಮಗ್ಗುಲಿಗೆ ಸರಿಯಾಗಿ ತಾಗುತ್ತ ಹೋಗಬೇಕು. ಹಗಲು ಅವರು ಬಾಚಣಿಗೆ ಎಳೆಯುತ್ತ ಹೋಗಿ ತಪ್ಪಿದ ಕಡೆಯೆಲ್ಲ ಗುಂಡುಪಿನ್ನು ಚುಚ್ಚಿಡುತ್ತಿದ್ದರು. ಸಂಜೆ ಕೆಲಸದಿಂದ ಬಂದ ಕೆಂಚವ್ವ ಪಿನ್ನು ಇದ್ದಲ್ಲಿ ಬಿಚ್ಚಿ ಹೊಲಿಯುತ್ತಿದ್ದರು. ದಿನಕ್ಕೆ ಒಂದು ಮೊಳ ಹಳಿ ಸರಿಹೋದರೆ ದೊಡ್ಡದು. ಎರಡು ಬೇಸಿಗೆ ಕಳೆದವು. ಕವಲು ಹೊಡೆಯುವ ಕಡೆ ಅತ್ತಿತ್ತ ಸರಿಯುವ ಹಳಿಗೆ ಸೇಫ್ಟಿ ಪಿನ್ನಿನ ಕಡ್ಡಿ ಹೊಂದಿತು. ಇದನ್ನು ಬರೆಯುವಾಗಲೂ ನನಗೆ ಆ ಹೊಲಿಗೆಗಳ ಸಾಲು ಕಾಣುತ್ತಿದೆ. ಯಂತ್ರ ಹೊಲಿದರೂ ಅಷ್ಟು ಸಮ ಬರಲಿಕ್ಕಿಲ್ಲ.

ಈಗ ಎಲ್ಲ ಮುಗಿದಿದೆ. ಸವದತ್ತಿ ನಿಲ್ದಾಣದಲ್ಲಿ ಎರಡು ಗಾಡಿಗಳು ಒಂದನ್ನೊಂದು ದಾಟಿ ಹೋಗುವುದೊಂದು ಬಾಕಿ. ರಾಮದುರ್ಗದಿಂದ ಗೂಡ್ಸು, ಬೈಲಹೊಂಗಲದಿಂದ ಪ್ಯಾಸೆಂಜರು.

ಹೊತ್ತು ಮೂಡುವ ಮೊದಲೇ ಪಕ್ಕದ ಮನೆಯ ಲಗಮವ್ವ ಬಂದು ಕಟ್ಟೆಯ ಮೇಲೆ ಕೂತಿದ್ದಾರೆ. ಹಿಂದೆ ಇನ್ನೂ ನಾಲ್ಕಾರು ಹೆಂಗಸರು. “ಟಿಕೀಟ ತಗೀಬೇಕೇನ ಕೆಂಚಿ?” ಎಂದು ಲಗಮವ್ವನ ಕೊಂಕು. “ನಿನಗ ಲಗೇಜಿನ್ಯಾಗ ಹಾಕತೇನಿ, ಸುಮ್ನ ಕುಂಡರು,” ಎಂದು ಕೆಂಚವ್ವ ಗೂಡ್ಸ್ ಗಾಡಿ ಬಿಡುತ್ತಾರೆ.

ಗಾಡಿ ಹೊರಡುತ್ತದೆ. ರಾಮದುರ್ಗದ ಗುಡ್ಡ ದಾಟುವುದರೊಳಗೆ ಚರ್ ಎಂದು ಸದ್ದು. ಎಂಜಿನ್ ಹಳಿ ಬಿಟ್ಟು ಮೇಲೇರಿ ಮಗ್ಗುಲಿಗೆ ಬೀಳುತ್ತದೆ. ಟ್ಯಾಂಕರುಗಳು ಹಿಂದೆ ಹಿಂದೆ ಉರುಳುತ್ತವೆ. ಎತ್ತಿ ಇಟ್ಟು ಮತ್ತೆ ಬಿಡುತ್ತಾರೆ. ಮತ್ತೆ ಬೀಳುತ್ತದೆ. ಯಾರೂ ನಗುವುದಿಲ್ಲ.

“ಗೇಜ ಸಣ್ಣ ಆಗೈತಿ, ಎರಡೂ ಹಳಿ ಹತ್ರ ಬಂದಾವ,” ಒಳಗಿನಿಂದ ದುರ್ಗಪ್ಪನ ದನಿ. “ಗಾಲಿ ಹಿಡಿಯಾಕ ಹತ್ತೈತಿ.”

“ನಿನ್ನೆ ನೀವ ಹಣಿಗಿ ಎಳದ ಬರೋಬರಿ ಐತಿ ಅಂದೀರಿ!”

“ನಿನ್ನಿದ ಬಿಡು. ಈಗಿಂದ ಹೇಳು. ಹಣಿಗಿ ಇಳಿತೈತೇನು?”

ಕೆಂಚವ್ವ ಬಾಚಣಿಗೆ ಇಟ್ಟು ನೋಡುತ್ತಾರೆ. ಇಳಿಯುವುದಿಲ್ಲ. ಅವರ ಮುಖ ಬಾಡುತ್ತದೆ. ಎರಡು ಬೇಸಿಗೆಯ ಹೊಲಿಗೆ, ಒಂದೇ ಬೆಳಗಿನಲ್ಲಿ ಎಲ್ಲ ಕಡೆಯೂ ತಪ್ಪಿದೆ.

“ಬಟ್ಟಿ ಮುಟ್ಟಿ ನೋಡು, ತಂಪೈತೇನು?”

“ನನ್ನ ಕೈಯ್ಯ ಹಸಿ ಅದಾವ್ರೀ. ತಿಳಿವಲ್ದು.” ಕೆಂಚವ್ವ ಕೈಗಳನ್ನು ಸೆರಗಿಗೆ ಒರೆಸುತ್ತಾರೆ. “ನನಗ ಏನೂ ತಿಳಿವಲ್ದು.”

ಒಳಗೆ ಮಂಚ ಕಿರುಗುಟ್ಟುತ್ತದೆ. ಗೋಡೆ ಸವರುವ ಸದ್ದು. ದುರ್ಗಪ್ಪ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಾರೆ. ಮುಂದೆ ಹಿಡಿಯಲು ಗೋಡೆ ಇಲ್ಲ. ಕೆಂಚವ್ವ ಏಳುವುದಿಲ್ಲ, ಕೈ ಕೊಡುವುದಿಲ್ಲ. ದುರ್ಗಪ್ಪ ಒಂದು ಕಾಲು ಕೆಳಗಿಡುತ್ತಾರೆ. ಆಮೇಲೆ ಇನ್ನೊಂದು. ಕೌದಿಯ ಅಂಚು ಪಾದಕ್ಕೆ ತಾಗಿದ ಕೂಡಲೇ ಕುಕ್ಕರುಗಾಲಿನಲ್ಲಿ ಕೂತು ಬಟ್ಟೆಯ ಮೇಲೆ ಅಂಗೈ ಊರುತ್ತಾರೆ. ನೆಲ ಮುಟ್ಟುತ್ತಾರೆ. ಬೆರಳು ಮೂಸುತ್ತಾರೆ.

“ಸೆಗಣಿ ಸಾರಿಸಿದೇನ?”

“ಮೊದಲನೇ ಗಾಡಿ ಅಲ್ರೀ. ಚೊಲೊ ಕೆಲಸ ಅಂತ...”

ದುರ್ಗಪ್ಪ ನಗುತ್ತಾರೆ. ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. “ಏ ಹುಚ್ಚಿ, ನಾ ಇಷ್ಟ ವರ್ಷ ಬಿಸಲಿಗೆ ಹಳಿ ಹಿಗ್ಗತಾವಂತ ಅಂಜತಿದ್ದೆ. ನೆಲಕ್ಕ ನೀರ ಹೊಡದ ಹಳಿ ಕುಗ್ಗಿಸಿದಾಕಿ ನೀ ಒಬ್ಬಾಕಿನ! ನೀರಿಗೆ ಬಟ್ಟಿ ಬಿಗದೈತಿ, ದಾರ ಬಿಗದೈತಿ. ಹೊಲಿಗಿ ತಪ್ಪಿಲ್ಲ. ನಿಂದ ಒಂದೂ ಹೊಲಿಗಿ ತಪ್ಪಿಲ್ಲ. ಬಿಸಲ ಬರಲಿ.”

ಬಿಸಿಲು ಬರುವತನಕ ಎಲ್ಲರೂ ಕಾಯುತ್ತಾರೆ. ಲಗಮವ್ವ ಚಹಾ ತರುತ್ತಾರೆ. ಕೌದಿಗಳನ್ನು ಎತ್ತಿ ಒಣ ಕಟ್ಟೆಯ ಮೇಲೂ ಕಲ್ಲಿನ ಮೇಲೂ ಹರವುತ್ತಾರೆ. ದುರ್ಗಪ್ಪ ಒಳಗೆ ಹೋಗುವ ಮಾತಾಡುವುದಿಲ್ಲ. ನಾನು ಕೆಂಚವ್ವನಿಗೆ ಕೇಳುತ್ತೇನೆ, ಪತ್ರಿಕೆಯಲ್ಲಿ ಏನಾದರೂ ಬರೆಯಬೇಕೆ ಎಂದು.

“ಮುರಕ ಛತ್ರಿ ಒಗೀಬ್ಯಾಡ್ರಿ ಅಂತ ಬರೀರಿ. ಕಿತ್ತೂರ ಕಡೆ ನನಗ ಇನ್ನೊಂದ ಲೈನ ಹಾಕೂದೈತಿ.”

ನೆಲ ಒಣಗಿದ ಮೇಲೆ ಕೌದಿಗಳು ಮತ್ತೆ ಅಂಗಳಕ್ಕೆ ಬರುತ್ತವೆ. ಹುಕ್ಕುಗಳು ಕೂಡುತ್ತವೆ. ದುರ್ಗಪ್ಪ ಬಾಚಣಿಗೆ ಹಿಡಿದು ರಾಮದುರ್ಗದಿಂದ ಶುರು ಮಾಡುತ್ತಾರೆ. ಮೊಣಕಾಲ ಮೇಲೆ ತೆವಳುತ್ತ, ಇಂಚಿಂಚು. ಸವದತ್ತಿಯ ಕವಲಿನಲ್ಲಿ ಎರಡು ಸಲ ಹೋಗಿ ಬರುತ್ತಾರೆ. ಮಲಪ್ರಭೆಯ ಸೇತುವೆಯ ಮೇಲೆ ಬೆರಳು ನಿಲ್ಲಿಸಿ ಏನೋ ಯೋಚಿಸಿ ಮುಂದಕ್ಕೆ ಸಾಗುತ್ತಾರೆ. ಓಣಿಯಲ್ಲಿ ಹಾದುಹೋಗುವವರು ನಿಲ್ಲುತ್ತಾರೆ. ಆ ಹಾದಿಯ ಮೇಲೆ ಓಡುವುದು ಸೋಪಿನ ಪೆಟ್ಟಿಗೆ ಎಂಬುದು ಆ ಹೊತ್ತಿನಲ್ಲಿ ಯಾರಿಗೂ ನೆನಪಿರುವುದಿಲ್ಲ. ಕಿತ್ತೂರಿನ ಕೊನೆ ಮುಟ್ಟಿ ದುರ್ಗಪ್ಪ ತಲೆಯೆತ್ತುತ್ತಾರೆ.

“ಬಿಡು.”

ಗೂಡ್ಸು ರಾಮದುರ್ಗದ ಗುಡ್ಡ ದಾಟುತ್ತದೆ. ಹಳಿಯ ತುಂಡುಗಳು ಕೂಡುವ ಕಡೆಯೆಲ್ಲ ಖಟ್ ಖಟ್, ಖಟ್ ಖಟ್. ಸವದತ್ತಿಯ ಕವಲಿನಲ್ಲಿ ಒಮ್ಮೆ ಅಲುಗಿ, ಮಗ್ಗುಲ ಹಳಿಗೆ ಹೊರಳಿ ನಿಲ್ಲುತ್ತದೆ. ಕೆಂಚವ್ವ ಪಿನ್ನಿನ ಕಡ್ಡಿ ಸರಿಸಿ ಆಚೆಯಿಂದ ಪ್ಯಾಸೆಂಜರು ಬಿಡುತ್ತಾರೆ. ಹತ್ತಿ ಹೊಲದ ನಡುವೆ ಅದು ಬರುತ್ತದೆ. ದುರ್ಗಪ್ಪನ ಮುಖ ಗಾಡಿಯ ಜೊತೆಗೇ ತಿರುಗುತ್ತದೆ, ಕಂಡವರ ಹಾಗೆ. ನಿಂತ ಗೂಡ್ಸಿನ ಪಕ್ಕದಿಂದ ಪ್ಯಾಸೆಂಜರು ಹಾದುಹೋಗುತ್ತದೆ. ಬೀಳುವುದಿಲ್ಲ. ಯಾವುದೂ ಬೀಳುವುದಿಲ್ಲ.

ಲಗಮವ್ವನಿಗೇ ಮೊದಲು ಮಾತು ಬರುತ್ತದೆ. “ಅಂತೂ ಹೊರಗ ಬಂದೆಲ್ಲೋ ದುರ್ಗಪ್ಪಣ್ಣಾ! ಬಾ, ಕಟ್ಟಿ ಮ್ಯಾಲ ಕುಂಡರು, ನಾಲ್ಕ ಮಾತ ಆಡೂಣು.”

ದುರ್ಗಪ್ಪ ಕೈ ಎತ್ತಿ ಅವರನ್ನು ಸುಮ್ಮನಿರಿ ಎನ್ನುತ್ತಾರೆ. ಕಿವಿ ಇನ್ನೂ ಹಳಿಯ ಮೇಲೇ ಇದೆ.

“ಆಮ್ಯಾಲ ಮಾತಾಡೂಣು ಯವ್ವಾ. ಈಗ ಡ್ಯೂಟಿ ಮ್ಯಾಲ ಅದೇನಿ.”

ಕೆಂಚವ್ವ ಪಿನ್ನು ಸರಿಸಿ, ನಿಂತ ಗೂಡ್ಸನ್ನು ಮುಂದಕ್ಕೆ ಬಿಡುತ್ತಾರೆ.